ಮೋರಿಯ ಕಟ್ಟೆ

ಅಪ್ಪನನ್ನು ಎತ್ತಿಕೊಂಡು ಮೋರಿಯ ಕಟ್ಟೆ ದಾಟಿಸುವುದು ನನ್ನ ಕೆಲಸವಾಗಿತ್ತು. ದಿನಾ ಬೆಳಿಗ್ಗೆ ಆರೂಕಾಲಿಗೆ. ಏಳಕ್ಕೆ ನಲ್ಲಿಯ ನೀರು ನಿಂತುಹೋಗುತ್ತಿತ್ತು.

ಮುಂಬಯಿಯಲ್ಲಿ ಮೋರಿ ಅಂದರೆ ಬಚ್ಚಲು. ಸಯನ್ನಿನಲ್ಲಿ ನಮ್ಮದು ಚಾಳಿನ ಕೆಳಗಿನ ಸಾಲಿನ ಒಂದೇ ಕೋಣೆಯ ಖೋಲಿ. ಅದರ ಹಿಂದಿನ ಮೂಲೆಯಲ್ಲಿ ನಾಲ್ಕು ಫೂಟು ಉದ್ದ, ಮೂರು ಫೂಟು ಅಗಲದ ಮೋರಿ. ಮೂರು ಕಡೆ ಗೋಡೆ, ಮುಂದೆ ಅವ್ವನ ಹಳೆಯ ಸೀರೆಯ ಪರದೆ. ಮಿಂದ ನೀರು ಖೋಲಿಗೆ ಬಾರದಂತೆ ಪರದೆಯ ಕೆಳಗೆ ಮೊಣಕಾಲಿನ ಅರ್ಧಕ್ಕೆ ಬರುವ ಒಂದು ಕಟ್ಟೆ. ಕಾಲಿದ್ದವರಿಗೆ ಅದು ಕಣ್ಣಿಗೂ ಬೀಳುವಂಥದ್ದಲ್ಲ.

ಒಂದು ಕೈ ಅಪ್ಪನ ಬೆನ್ನ ಹಿಂದೆ, ಒಂದು ಕೈ ಮಂಡಿಗಳ ಕೆಳಗೆ. ಎತ್ತುವಾಗ ಅವನು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ನಾನು ಕಟ್ಟೆಯ ಮೇಲಿಂದ ಕಾಲು ಆಚೆಗಿಡುವಾಗ ಮಾತ್ರ ಒಮ್ಮೆ ಉಸಿರು ಒಳಗೆಳೆದುಕೊಳ್ಳುತ್ತಿದ್ದ. ನಾನು ಬೀಳಿಸಿಯೇನು ಎಂಬ ಹೆದರಿಕೆಯೋ, ನೋವೋ, ನಾಚಿಕೆಯೋ, ಕೇಳಲಿಲ್ಲ. ಒಳಗೆ ಮಣೆಯ ಮೇಲೆ ಕೂರಿಸಿ, ಬಕೀಟು ಹತ್ತಿರ ಸರಿಸಿ ಹೊರಗೆ ಬರುತ್ತಿದ್ದೆ. ಮುಗಿದಾಗ ಅವನು ತಂಬಿಗೆಯಿಂದ ಬಕೀಟಿಗೆ ಎರಡು ಸಲ ಬಡಿಯುತ್ತಿದ್ದ. ಮತ್ತೆ ಎತ್ತಿ ತರುತ್ತಿದ್ದೆ. ಹನ್ನೊಂದು ತಿಂಗಳು ನಮ್ಮಿಬ್ಬರ ನಡುವೆ ನಡೆದ ಮಾತುಕತೆಯೆಲ್ಲ ಇಷ್ಟೇ. ಇದು ಕಡಿಮೆ ಎಂದು ನನಗೆ ಅನಿಸಿರಲಿಲ್ಲ. ಅದಕ್ಕೂ ಮೊದಲಿನ ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟೂ ಇರಲಿಲ್ಲ.

ಅಪ್ಪ, ಗುರಲಿಂಗಪ್ಪ ಮಿಸ್ತ್ರಿ, ಚಿತ್ತಾಪುರದ ಕಡೆಯಿಂದ ಬಂದ ಗೌಂಡಿ. ನೆಲ ಹಾಸುವುದರಲ್ಲಿ ಅವನನ್ನು ಮೀರಿದವರು ಮಾಟುಂಗಾದಿಂದ ವಡಾಲದವರೆಗೆ ಇಲ್ಲ ಎಂದು ಜನ ಅನ್ನುತ್ತಿದ್ದರು. ೧೯೭೨ರ ದೀಪಾವಳಿಗೆ ಎರಡು ದಿನ ಇರುವಾಗ ವಡಾಲದ ಒಂದು ಬಿಲ್ಡಿಂಗಿಗೆ ಕಟ್ಟಿದ್ದ ಬಿದಿರಿನ ಪರಾಂಚಿ ಮುರಿದು ಎರಡನೆಯ ಮಾಳಿಗೆಯಿಂದ ಬಿದ್ದ. ಮೂರು ತಿಂಗಳ ಆಸ್ಪತ್ರೆಯ ನಂತರ ಮನೆಗೆ ತಂದಾಗ ಸೊಂಟದ ಕೆಳಗೆ ಜೀವ ಉಳಿದಿರಲಿಲ್ಲ. ಕೈಗಳು ಮಾತ್ರ ಹಾಗೆಯೇ ಇದ್ದವು, ಅಂಗೈ ತುಂಬ ಸಿಮೆಂಟು ತಿಂದ ಬಿರುಕು.

ನನ್ನನ್ನು ಅವನು ಒಂದು ದಿನವೂ ಕೆಲಸದ ಜಾಗಕ್ಕೆ ಕರೆದೊಯ್ದವನಲ್ಲ. ಒಮ್ಮೆ ಚಿಕ್ಕವನಿದ್ದಾಗ ಅವನು ಗಾರೆ ಮೆತ್ತುವ ಥಾಪಿಯನ್ನು ಕೈಗೆತ್ತಿಕೊಂಡಿದ್ದೆ. ಕಸಿದುಕೊಂಡು, ಒರೆಸಿ, ಮೇಲೆ ಇಟ್ಟಿದ್ದ. ನಾನು ಓದಬೇಕು ಎಂಬುದು ಅವನ ಆಸೆ. ಓದಿದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಆದೆ. ಫೋರ್ಟಿನಲ್ಲಿ ಒಂದು ಕಂಪನಿಯ ಟಪಾಲು ನೋಡಿಕೊಳ್ಳುವ ಕ್ಲರ್ಕ್ ಆದೆ. ಅಪ್ಪನ ಕೆಲಸ ಕಲಿತವನು ಬೇರೆ.

ಅವನ ಹೆಸರು ಚಂದ್ರಾಮ. ನಮ್ಮೂರಿನವನೇ. ಹದಿನಾಲ್ಕು ವರ್ಷ ಅಪ್ಪನ ಕೈಕೆಳಗೆ ದುಡಿದು ಈಗ ತಾನೇ ಮಿಸ್ತ್ರಿಯಾಗಿದ್ದ. ಅಪ್ಪ ಬಿದ್ದ ಮೇಲೆ ಒಂದು ಆದಿತ್ಯವಾರವೂ ತಪ್ಪಿಸಲಿಲ್ಲ. ಸಂಜೆ ಬರುತ್ತಿದ್ದ, ಅಪ್ಪನ ಮಂಚದ ಪಕ್ಕ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಕೆಲವು ಸಲ ಜೇಬಿನಿಂದ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಚೂರು ತೆಗೆದು ಮಂಚದ ಮೇಲೆ ಇಡುತ್ತಿದ್ದ. ಅಪ್ಪ ಅದರ ಅಂಚಿನ ಮೇಲೆ ಉಗುರು ಎಳೆದು, ಬೆಳಕಿಗೆ ಹಿಡಿದು, ಮರಳಿ ಕೊಡುತ್ತಿದ್ದ. ಚಂದ್ರಾಮ ತಲೆಯಾಡಿಸುತ್ತಿದ್ದ. ಏನು ಕೇಳಿದ, ಏನು ಉತ್ತರ ಬಂತು, ಎರಡೂ ನನಗೆ ತಿಳಿಯುತ್ತಿರಲಿಲ್ಲ. ಆಮೇಲೆ ಅರ್ಧ ತಾಸು ಇಬ್ಬರೂ ಸುಮ್ಮನೆ ಕೂರುವರು. ನಾನು ಅದೇ ಖೋಲಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದೆ. ನನ್ನೆದುರು ಅಪ್ಪ ಸುಮ್ಮನಿದ್ದರೆ ಅದು ಮುಚ್ಚಿದ ಬಾಗಿಲು. ಅವನೆದುರು ಸುಮ್ಮನಿದ್ದರೆ ಇಬ್ಬರೂ ಆ ಬಾಗಿಲಿನ ಒಳಗಿದ್ದಂತೆ. ಒಂದು ತಂಬಿಗೆ ನೀರು ಕೊಡುವ ನೆಪದಲ್ಲಿ ಎದ್ದು ಅವರ ನಡುವೆ ನಿಂತುಬಿಡುತ್ತಿದ್ದೆ. ಅಪ್ಪ ನೀರು ಕುಡಿದು ತಂಬಿಗೆಯನ್ನು ಚಂದ್ರಾಮನಿಗೆ ಕೊಡುತ್ತಿದ್ದ.

ಜನವರಿಯ ಒಂದು ಆದಿತ್ಯವಾರ ಅವನು ಕಂಕುಳಲ್ಲಿ ಒಂದು ಹಲಗೆ ಹಿಡಿದುಕೊಂಡು ಬಂದ. ಹಲಗೆಯ ಕೆಳಗೆ ಗಾಲಿಗಳಂತೆ ನಾಲ್ಕು ಬೇರಿಂಗು.

"ಮಜೀದನ ಗ್ಯಾರೇಜಿನಾಗ ಹೊಡಿಸ್ಕೊಂಡು ಬಂದೀನಿ ಕಾಕಾ. ಕೂತು ನೋಡ್ರಿ."

ಅಪ್ಪನನ್ನು ಅವನೇ ಮಂಚದಿಂದ ಇಳಿಸಿದ. ಎತ್ತುವಾಗ ಅಪ್ಪ ಗೋಡೆಯ ಕಡೆ ತಿರುಗಲಿಲ್ಲ. ಅದನ್ನು ನಾನು ನೋಡಿದೆ. ಎರಡು ಕಟ್ಟಿಗೆಯ ತುಂಡು ಹಿಡಿದು ನೆಲ ಒತ್ತಿ ಅಪ್ಪ ಬಾಗಿಲವರೆಗೆ ಹೋದ, ತಿರುಗಿದ, ಅವ್ವನ ಒಲೆಯ ಹತ್ತಿರ ಬಂದು ನಿಂತ.

"ಅಯ್ಯ, ಅಡ್ಡ ಬಂದು ನಿಂತ್ರಲ್ಲ, ರೊಟ್ಟಿ ಸೀದು ಹೋಗ್ತದ!" ಎಂದಳು ಅವ್ವ. ಅವಳ ಹೆಸರು ಭಾಗವ್ವ. ನಗುತ್ತಿದ್ದಳು, ಸೆರಗಿನಿಂದ ಕಣ್ಣೂ ಒರೆಸಿಕೊಂಡಳು.

ಅಪ್ಪ ಅಲ್ಲಿಂದ ಮೋರಿಯ ಕಡೆ ಹೋದ. ಹಲಗೆ ಕಟ್ಟೆಗೆ ಬಡಿದು ನಿಂತಿತು. ಅಪ್ಪ ಕಟ್ಟೆಯ ಮೇಲೆ ಕೈಯಿಟ್ಟ. ಚಂದ್ರಾಮ ಅಂದ:

"ಇದನ್ನ ಒಡದ್ ಬಿಡೋಣ ಕಾಕಾ."

"ಒಡದ್ರ ನೀರು ಖೋಲಿಗಿ ಬರ್ತದಲ್ಲೋ," ಎಂದಳು ಅವ್ವ.

"ಬರಂಗಿಲ್ಲ ಕಾಕಿ. ಒಳಗಿನ ಫರಸಿ ಎಲ್ಲ ಕಿತ್ತು, ಹಿಂದಿನ ಮೂಲಿಗಿ ನೀರು ಇಳಿಯೋ ಹಂಗ ಢಾಳ ಕೊಟ್ಟು ಹೊಸದಾಗಿ ಹಾಸೋದು. ಮೂಲ್ಯಾಗ ನೀರು ಹೋಗೋ ದೊಡ್ಡ ನಹಾಣಿ ಕೂಡಿಸೋದು. ಬಾಯಿಗಿ ಒಂದು ಬೆರಳ ಎತ್ತರ ದಿಬ್ಬ, ಎರಡೂ ಕಡಿ ಇಳಿಜಾರು. ಗಾಡಿ ಹತ್ತಿ ಇಳೀತದ, ನೀರು ಹತ್ತಂಗಿಲ್ಲ."

"ಢಾಳ ಜಾಸ್ತಿ ಆದ್ರ ಗಾಡಿ ತಾನೇ ಹೋಗಿ ಗೋಡಿಗಿ ಬಡೀತದ," ಎಂದ ಅಪ್ಪ.

"ಎರಡು ಫೂಟಿಗಿ ಅರ್ಧ ಇಂಚು."

ಅಪ್ಪ ಕಟ್ಟೆಯ ಮೇಲಿನ ಕೈ ತೆಗೆಯದೆ ಬಹಳ ಹೊತ್ತು ಯೋಚಿಸಿದ. "ಹೂಂ," ಎಂದ. ಅವನ ಮುಖದಲ್ಲಿ ಏನೋ ಬಂತು. ನಾನು ಬಿ.ಎಸ್ಸಿ. ಪಾಸಾದ ದಿನವೂ ಅದು ಬಂದಿರಲಿಲ್ಲ.

"ಇನ್ನು ಭೀಮರಾಯ ಸಾಹೇಬ್ರಿಗಿ ದಿನಾ ಎತ್ತಾದು ತಪ್ಪತದ," ಎಂದು ಚಂದ್ರಾಮ ನನ್ನ ಹೆಗಲಿಗೆ ತಟ್ಟಿದ. "ಪೆನ್ನ ಹಿಡಿಯೋ ಕೈ ಅದು. ಪಾಪ, ನೊಂದಿರ್ಬೇಕು."

ನಾನು ನಕ್ಕೆ. ನಗಬೇಕಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ತಾನಾಗಿ ಮೀಯಲಿ ಎಂದು ನನಗೆ ಆಸೆ ಇರಲಿಲ್ಲವೆ? ಇತ್ತು. ಆದರೆ ಅವನಿಗೆ ನನ್ನಿಂದ ಆಗುತ್ತಿದ್ದದ್ದು ಅದೊಂದೇ ಕೆಲಸ, ಅದನ್ನೂ ಚಂದ್ರಾಮನೇ ತೆಗೆದುಕೊಂಡು ಹೋಗುತ್ತಿದ್ದ, ಉಪಕಾರ ಮಾಡಿದಂತೆ.

ಮುಂದಿನ ಆದಿತ್ಯವಾರ ಬೆಳಿಗ್ಗೆಯೇ ಅವನು ಬಂದ. ಕಲ್ಲು ಕೀಳುವ ಛಾಣಿ, ಸುತ್ತಿಗೆ, ಥಾಪಿ, ಮುಕ್ಕಾಲು ಚೀಲ ಸಿಮೆಂಟು, ಗೋಣಿಯಲ್ಲಿ ಉಸುಕು. ಶಹಾಬಾದದ ಹೊಸ ಫರಸಿ ಆರು ತುಂಡು. ಕಟ್ಟೆ ಒಡೆಯಲು ಕಾಲು ತಾಸೂ ಹಿಡಿಯಲಿಲ್ಲ. ಅಪ್ಪ ಹಲಗೆಯ ಮೇಲೆ ಕೂತು ಮೋರಿಯ ಬಾಯಿಗೆ ಸ್ವಲ್ಪ ದೂರದಲ್ಲಿ ನಿಂತಿದ್ದ. ಚಂದ್ರಾಮ ಕೈ ಹಿಂದೆ ಚಾಚಿದರೆ ಅಪ್ಪ ಛಾಣಿ ಕೊಡುತ್ತಿದ್ದ. ಮತ್ತೆ ಚಾಚಿದರೆ ಸುತ್ತಿಗೆ. ಯಾವುದು ಬೇಕೆಂದು ಅವನು ಹೇಳುತ್ತಿರಲಿಲ್ಲ, ಇವನು ಕೇಳುತ್ತಿರಲಿಲ್ಲ. ನಾನು ಒಡೆದ ಚೂರುಗಳನ್ನು ಬುಟ್ಟಿಯಲ್ಲಿ ತುಂಬಿ ಚಾಳಿನ ಹೊರಗೆ ಚೆಲ್ಲಿ ಬರುತ್ತಿದ್ದೆ. ಮೂರು ಸಲ ಬುಟ್ಟಿ ತಂದು ಅಪ್ಪನ ಪಕ್ಕ ನಿಂತೆ. ಮೂರು ಸಲವೂ ಅವನು ನೋಡಿದ್ದು ಚಂದ್ರಾಮನ ಕೈಯನ್ನು.

ಹಾಸುವ ಮೊದಲು ಮಟ್ಟ ನೋಡಬೇಕು. ಮೋರಿಯ ಬಾಯಿಗೂ ಹಿಂದಿನ ಮೂಲೆಗೂ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಎರಡು ಗುರುತು ಹಾಕಿ, ಅಲ್ಲಿಂದ ಕೆಳಗೆ ಅಳೆಯಬೇಕು. ಬಾಯಿಗಿಂತ ಮೂಲೆಯಲ್ಲಿ ಒಂದು ಇಂಚು ಹೆಚ್ಚು ಕೆಳಗೆ. ನಡುವೆ ನಲ್ಲಿಯ ಪೈಪು ಅಡ್ಡ ಇದ್ದುದರಿಂದ ಪಟ್ಟಿ ಇಟ್ಟು ರಸಮಟ್ಟ ನೋಡಲು ಆಗುವಂತಿರಲಿಲ್ಲ. ಚಂದ್ರಾಮ ಉದ್ದನೆಯ ಪಾರದರ್ಶಕ ನಳಿಗೆ ತೆಗೆದು ನೀರು ತುಂಬಿಸಿದ. ಅದರ ಎರಡು ತುದಿ ಇಬ್ಬರು ಹಿಡಿಯಬೇಕು. ಒಯ್ಯುವಾಗ ನೀರು ಚೆಲ್ಲದಂತೆ ತುದಿಗೆ ಹೆಬ್ಬೆಟ್ಟು ಒತ್ತಿರಬೇಕು. ಜಾಗಕ್ಕೆ ಹಿಡಿದ ಮೇಲೆ ಇಬ್ಬರೂ ಬೆಟ್ಟು ಬಿಡಬೇಕು. ಆಗ ನೀರು ಎರಡೂ ಕಡೆ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ.

"ಬರ್ರಿ ಸಾಹೇಬ್ರ, ಒಂದು ತುದಿ ಹಿಡೀರಿ," ಎಂದ ಚಂದ್ರಾಮ. "ಇದಕ್ಕ ಬಿ.ಎಸ್ಸಿ. ಬೇಕಾಗಿಲ್ಲ, ಹೆಬ್ಬೆಟ್ಟಿದ್ರ ಸಾಕು."

ಅವ್ವ ನಕ್ಕಳು. ಅಪ್ಪನ ತುಟಿಯೂ ಸ್ವಲ್ಪ ಅಲುಗಿತು.

ನಾನು ನಳಿಗೆಯ ತುದಿ ಹಿಡಿದು ಒಳಗಿನ ಮೂಲೆಗೆ ಹೋಗಿ ಕೂತೆ. ಚಂದ್ರಾಮ ಮೋರಿಯ ಬಾಯಿಯಲ್ಲಿ ಕೂತ. ಪಕ್ಕದ ಗೋಡೆ ಅಡ್ಡವಾಗಿ ಅಪ್ಪನಿಗೆ ನಾನು ಕಾಣುತ್ತಿರಲಿಲ್ಲ. ಪೈಪು ಅಡ್ಡವಾಗಿ ಚಂದ್ರಾಮನಿಗೆ ನನ್ನ ಕೈ ಕಾಣುತ್ತಿರಲಿಲ್ಲ. ಅವನ ದನಿ ಬಂತು:

"ಬಿಟ್ಟಿ?"

ನಾನು ಬಿಟ್ಟಿರಲಿಲ್ಲ. ಬೆಟ್ಟು ಒತ್ತಿದಂತೆಯೇ ನಳಿಗೆಯ ತುದಿಯನ್ನು ಸ್ವಲ್ಪ ಮೇಲೆತ್ತಿದ್ದೆ. ಒಳಗಿನ ನೀರೂ ಅದರ ಜೊತೆ ಮೇಲೆ ಬಂದಿತ್ತು. ಒಂದು ಇಂಚು, ಒಂದೂವರೆ ಇಂಚು. ಯಾಕೆ ಬರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದವನು ನಾನು. ಇಲ್ಲಿಯವರೆಗೂ ಅದು ಆಟವಾಗಿಯೇ ಇತ್ತು. ಬೆಟ್ಟು ಎತ್ತಿದ್ದರೆ ಮುಗಿಯುತ್ತಿತ್ತು.

"ಬಿಟ್ಟಿ ಏನೋ?"

"ಬಿಟ್ಟೀನಿ," ಎಂದೆ.

"ಹಾಂ, ಗುರ್ತು ಹಾಕು."

ಪೆನ್ಸಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದೆ. ಆಮೇಲೆ ಬೆಟ್ಟು ಬಿಟ್ಟೆ. ನೀರು ಸರ್ರನೆ ಕೆಳಗೆ ಇಳಿದು ನಡುಗಿ ನಿಂತಿತು. ಅದನ್ನು ಯಾರೂ ನೋಡಲಿಲ್ಲ.

ಮಧ್ಯಾಹ್ನದವರೆಗೆ ಅವನು ಫರಸಿ ಹಾಸಿದ. ಕೊನೆಯ ತುಂಡು ಕೂರಿಸುವ ಮುಂಚೆ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದ.

"ಕಾಕಾ, ಕಣ್ಣಿಗಿ ಬ್ಯಾರೆನೇ ಕಾಣ್ಲತ್ತದ. ಹಿಂದ ಏರು ಇದ್ದಂಗ."

"ಮಟ್ಟ ಹಿಡದೀರಿಲ್ಲೋ?"

"ಹಿಡದೀವಿ."

"ಹಂಗಾದ್ರ ಕಣ್ಣಿನ ಮಾತು ಕೇಳಬ್ಯಾಡ. ಎಷ್ಟು ಸಲ ಹೇಳೀನಿ ನಿನಗ? ನೀರು ಹಿಡದ ಮ್ಯಾಲ ಕಣ್ಣು ಕಟ್ಟಿಕೊಂಡು ಹಾಸು."

ಚಂದ್ರಾಮ ಹಾಸಿದ. ಹದಿನಾಲ್ಕು ವರ್ಷ ಅಪ್ಪನ ಹತ್ತಿರ ಕಲಿಯದ ಬೇರೆ ಯಾವ ಗೌಂಡಿಯಾದರೂ ತನ್ನ ಕಣ್ಣನ್ನು ನಂಬಿ ಇನ್ನೊಮ್ಮೆ ಮಟ್ಟ ನೋಡುತ್ತಿದ್ದ.

ಎರಡು ದಿನ ಮೋರಿಗೆ ನೀರು ಬೀಳಬಾರದು ಎಂದು ಹೇಳಿ ಅವನು ಹೋದ. ನಾವು ಚಾಳಿನ ಹೊರಗಿನ ನಲ್ಲಿಯಲ್ಲಿ ಮಿಂದೆವು. ಅಪ್ಪ ಹಸಿ ಬಟ್ಟೆಯಿಂದ ಮೈ ಒರೆಸಿಕೊಂಡ. ಆ ಎರಡು ದಿನ ಅವನು ಹತ್ತಾರು ಸಲ ಹಲಗೆಯ ಮೇಲೆ ಹೋಗಿ ಹೊಸ ನೆಲದ ಮುಂದೆ ನಿಂತು ನೋಡಿದ. ಅವ್ವ ಹೊಸ ಟುವಾಲು ತಂದಿಟ್ಟಳು. ನಾನು ಆಫೀಸಿನಲ್ಲಿ ಲಕೋಟೆಗಳ ಮೇಲೆ ತಪ್ಪು ಊರಿನ ಹೆಸರು ಬರೆದು ಬೈಸಿಕೊಂಡೆ.

ಮಂಗಳವಾರ ಸಂಜೆ ಚಂದ್ರಾಮ ಕೆಲಸ ಮುಗಿಸಿ ಬಂದ. ಅಪ್ಪ ಮೋರಿಯ ಬಾಯಿಯಲ್ಲಿ ಕಾಯುತ್ತಿದ್ದ. ಚಂದ್ರಾಮ ಒಂದು ತಂಬಿಗೆ ನೀರು ನೆಲದ ನಡುವೆ ಹೊಯ್ದ.

ನೀರು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಿಧಾನವಾಗಿ ಬಾಯಿಯ ಕಡೆ ಬಂತು. ದಿಬ್ಬಕ್ಕೆ ತಾಗಿ ಅಗಲವಾಯಿತು. ಇನ್ನೊಂದು ತಂಬಿಗೆ. ನೀರು ದಿಬ್ಬ ಹತ್ತಿ ಇಳಿದು ಅಪ್ಪನ ಹಲಗೆಯ ಕೆಳಗೆ ಹರಿಯಿತು. ಅವನ ಸತ್ತ ಪಾದಗಳ ಕೆಳಗಿನ ಪಂಚೆ ಒದ್ದೆಯಾಯಿತು. ಮೂಲೆಯಲ್ಲಿ ನಹಾಣಿಯ ಹೊಸ ಜಾಳಿ ಒಣಗಿಯೇ ಇತ್ತು.

"ಯಾರ ಹತ್ರ ಕೆಲಸ ಕಲ್ತಿ ನೀ?" ಎಂದ ಅಪ್ಪ. ದನಿ ಎತ್ತರಿಸಲಿಲ್ಲ. "ನಾಕು ಫೂಟಿನ ಮೋರಿ. ಹೊಸ ಬಿಗಾರಿ ಹಾಸಿದ್ರೂ ನೀರು ಒಳಗ ಹೋಗ್ತಿತ್ತು. ಇದೇ ಕೈಲೇ ಮಂದಿ ಮನಿ ಕಟ್ಟಲತ್ತಿ? ನನ್ನ ಹೆಸರು ಹೇಳಬ್ಯಾಡ ಎಲ್ಲಿನೂ. ಗುರಲಿಂಗಪ್ಪನ ಕೈಯಾಗ ತಯಾರಾದಾಂವ ಅಂತ ಅನಬ್ಯಾಡ."

"ತಪ್ಪಾಯ್ತು ಕಾಕಾ," ಎಂದ ಚಂದ್ರಾಮ.

"ಬಿಡ್ರಿ, ಅಂವ ಏನು ಬೇಕಂತ ಮಾಡ್ಯಾನ?" ಎಂದಳು ಅವ್ವ.

ನಾನು ಒಲೆಯ ಹತ್ತಿರ ನಿಂತಿದ್ದೆ. ಇಂಥ ಮಾತು ಅಪ್ಪ ಅವನಿಗೆ ಆಡಲಿ ಎಂದು ಎಷ್ಟು ಆದಿತ್ಯವಾರ ಕಾದಿದ್ದೆನೋ. ಈಗ ಕೇಳಿಸಿಕೊಂಡೆ. ಸಂತೋಷವಾಯಿತು, ಇಲ್ಲ ಎಂದರೆ ಸುಳ್ಳು. ಆದರೆ ಚಂದ್ರಾಮ ತಲೆ ತಗ್ಗಿಸಿ ನಿಂತಿದ್ದ ರೀತಿಯಲ್ಲಿ ಒಂದು ಸಲುಗೆಯಿತ್ತು. ಬೈಸಿಕೊಳ್ಳುವ ಹಕ್ಕೂ ಅವನದೇ ಆಗಿತ್ತು. ನನಗೆ ಅಪ್ಪ ಹೀಗೆ ಒಮ್ಮೆಯೂ ಬೈದಿರಲಿಲ್ಲ.

ಅಪ್ಪ ಗಾಡಿ ತಳ್ಳಿಕೊಂಡು ಒದ್ದೆ ನೆಲದ ಮೇಲೆ ಒಳಗೆ ಹೋದ. ಗೋಡೆಯ ಮೇಲಿನ ಗುರುತುಗಳನ್ನು ನೋಡಿದ. ಬಾಯಿಯಲ್ಲಿ ಚಂದ್ರಾಮನ ಗುರುತು, ಗೌಂಡಿಗಳು ಹಾಕುವ ಹಾಗೆ ಕಾಗೆಯ ಕಾಲಿನಂಥದ್ದು. ಮೂಲೆಯಲ್ಲಿ ನನ್ನದು, ಪುಸ್ತಕದಲ್ಲಿ ಅಡಿಗೆರೆ ಎಳೆದಂಥ ಸಪೂರ ಗೆರೆ. ಅಪ್ಪ ಆ ಗೆರೆಗೆ ಗೇಣು ಹಚ್ಚಿ ನೆಲದವರೆಗೆ ಅಳೆದ. ಇನ್ನೊಮ್ಮೆ ಅಳೆದ. ನಂತರ ನನ್ನ ಕಡೆ ತಿರುಗಲಿಲ್ಲ. ತಿರುಗದೆ ಇದ್ದುದರಿಂದಲೇ ಅವನಿಗೆ ತಿಳಿಯಿತೆಂದು ನನಗೆ ತಿಳಿಯಿತು.

"ಚಂದ್ರಾಮ, ನಳಿಗಿ ತಾ," ಎಂದ. "ಈ ಕಡಿ ನಾ ಹಿಡೀತೀನಿ."

ಇಬ್ಬರೂ ಹಿಡಿದರು. "ಬಿಟ್ರಿ?" ಎಂದು ಚಂದ್ರಾಮ ಕೇಳಲಿಲ್ಲ. ಕೇಳುವ ಅಗತ್ಯ ಅವರ ನಡುವೆ ಇರಲಿಲ್ಲ. ಅಪ್ಪ ಉಗುಳು ಹಚ್ಚಿದ ಹೆಬ್ಬೆಟ್ಟಿನಿಂದ ನನ್ನ ಗೆರೆಯನ್ನು ಉಜ್ಜಿ ಅಳಿಸಿದ. ಅದಕ್ಕಿಂತ ಒಂದೂವರೆ ಇಂಚು ಕೆಳಗೆ ತನ್ನ ಗುರುತು ಹಾಕಿದ.

"ಆದಿತ್ಯವಾರ ಒಡದು ಮತ್ತ ಹಾಸ್ತೀನಿ," ಎಂದ ಚಂದ್ರಾಮ. ಅವತ್ತು ಊಟಕ್ಕೆ ಕೂತಾಗ ಅಪ್ಪ ತನ್ನ ತಟ್ಟೆಯ ರೊಟ್ಟಿಯನ್ನು ಎತ್ತಿ ಚಂದ್ರಾಮನ ತಟ್ಟೆಯಲ್ಲಿ ಇಟ್ಟ. ಚಂದ್ರಾಮ ಗಾಬರಿಯಾಗಿ ಅವನ ಮುಖ ನೋಡಿದ. ಅಪ್ಪ ತಲೆ ಬಗ್ಗಿಸಿ ಪಲ್ಯ ಉಣ್ಣುತ್ತಿದ್ದ.

ಮಾರನೆಯ ಬೆಳಿಗ್ಗೆ ಆರೂಕಾಲಿಗೆ ನಾನು ಮಂಚದ ಹತ್ತಿರ ಹೋಗಿ ನಿಂತೆ. ಮೋರಿಯಲ್ಲಿ ಈಗ ಕಟ್ಟೆ ಇರಲಿಲ್ಲ. ಆದರೂ ಅಲ್ಲಿ ಮೀಯುವಂತಿರಲಿಲ್ಲ, ನೀರೆಲ್ಲ ಖೋಲಿಗೆ ಬರುತ್ತಿತ್ತು.

"ಹೊರಗಿನ ನಳಕ್ಕ ಎತ್ಕೊಂಡು ಹೋಗ್ಲೇನಪ್ಪಾ?"

"ಬ್ಯಾಡ."

"ನಾಕು ದಿನ ಆಯ್ತು ಮಿಂದು."

"ಒರಸ್ಕೋತೀನಿ."

ಗುರುವಾರವೂ ಹಾಗೇ. ಶುಕ್ರವಾರ ಅವ್ವ ಜಗಳಕ್ಕೆ ನಿಂತಳು. "ಮಗ ಎತ್ತೀನಿ ಅಂತಾನ, ನಿಮಗೇನು ಧಾಡಿ? ಮೈ ನಾರಲತ್ತದ!" ಅಪ್ಪ ಗೋಡೆಯ ಕಡೆ ತಿರುಗಿದ. ಅವಳು ಕೊಡ ಹಿಡಿದು ಹೊರಗೆ ಹೋದ ಮೇಲೆ, ತಿರುಗಿದ ಹಾಗೆಯೇ, ಗೋಡೆಗೆ ಹೇಳುವಂತೆ ಅಂದ:

"ಚಂದ್ರಾಮಗ ಬೈದೆ ನಾ."

ಇಷ್ಟೇ. ನಾನು ಅಲ್ಲಿಯೇ ನಿಂತೆ. ಇನ್ನೇನಾದರೂ ಬರುತ್ತದೆ ಎಂದು ಕಾದೆ. ನಲ್ಲಿಯಲ್ಲಿ ನೀರು ನಿಂತಿತು. ಅಪ್ಪನನ್ನು ಎತ್ತುವ ಯಾವ ಹತ್ತು ನಿಮಿಷವನ್ನು ಕಳೆದುಕೊಳ್ಳಲಾರದೆ ಬೆಟ್ಟು ಒತ್ತಿ ಹಿಡಿದಿದ್ದೆನೋ ಅದು ಹೋಗಿತ್ತು. ಚಂದ್ರಾಮ ತೆಗೆದುಕೊಂಡು ಹೋಗಿರಲಿಲ್ಲ.

ಆದಿತ್ಯವಾರ ಅವನು ಬರುವ ಹೊತ್ತಿಗೆ ಚಾಳಿನ ಗೇಟಿನಲ್ಲಿ ಕಾದು ನಿಂತೆ. ಹೆಗಲ ಮೇಲೆ ಹೊಸ ಸಿಮೆಂಟಿನ ಗಂಟು ಹೊತ್ತು ಬಂದ.

"ಏನ್ ಸಾಹೇಬ್ರ, ನಮ್ಮ ಸ್ವಾಗತಕ್ಕ ನಿಂತೀರಿ?"

"ಅವತ್ತ ನಾ ಬೆಟ್ಟು ಬಿಟ್ಟಿರ್ಲಿಲ್ಲ," ಎಂದೆ.

ಅವನು ಗಂಟು ಕೆಳಗಿಳಿಸಿ ಜೋರಾಗಿ ನಕ್ಕ. "ಹತ್ತೇರಿ! ಅದೇ ಅಂತೀನಿ ನಾ! ನಾಕು ದಿನ ತಲಿ ಕೆಡಿಸ್ಕೊಂಡೀನಿ ಮಾರಾಯಾ. ಹೊಸಬರು ಎಲ್ಲಾರೂ ಹಂಗೇ ಮಾಡ್ತಾರ. ನಾನೂ ಮಾಡೀನಿ, ಕಾಕಾ ಕಪಾಳಕ್ಕ ಹೊಡದಿದ್ರು. ಮೊದಲೇ ಹೇಳಾದಲ್ಲೇನು? ನಿನಗೇನು ಗೊತ್ತಿರ್ತದ, ಬಿಡು."

ಇಲ್ಲಿಗೆ ನಿಲ್ಲಿಸಬಹುದಿತ್ತು. ಅವನು ಕ್ಷಮಿಸಿಯೂ ಆಗಿತ್ತು. ಆದರೆ ಏನೂ ಗೊತ್ತಿಲ್ಲದವನು ಎಂದು ಅವನು ಕ್ಷಮಿಸಿದ್ದು ನನಗೆ ತಡೆಯಲಿಲ್ಲ. ಅಲ್ಲಿಯೂ ಹೊಟ್ಟೆಕಿಚ್ಚೇ ಮಾತಾಡಿತೇನೋ.

"ನನಗ ಗೊತ್ತಿತ್ತು," ಎಂದೆ. "ಗೊತ್ತಿದ್ದೇ ಬಿಟ್ಟೀನಿ ಅಂದೆ."

ಅವನ ನಗು ನಿಂತಿತು. ನನ್ನನ್ನು ನೋಡಿದ. ಚಾಳಿನ ಹೆಂಗಸೊಬ್ಬಳು ನಮ್ಮ ನಡುವೆ ಬಕೀಟು ಹಿಡಿದು ದಾಟಿ ಹೋದಳು. ಅವನು ಯಾಕೆ ಎಂದು ಕೇಳಲಿಲ್ಲ. ಚೀಲದಲ್ಲಿ ಕೈ ಹಾಕಿ ಛಾಣಿ, ಸುತ್ತಿಗೆ ತೆಗೆದು ನನ್ನ ಎದೆಗೆ ಒತ್ತಿದ.

"ಹಂಗಾದ್ರ ನೀನೇ ಒಡಿ."

ಒಡೆದೆ. ಅಪ್ಪ ಹಲಗೆಯ ಮೇಲೆ ಕೂತು ನೋಡುತ್ತಿದ್ದ. ಛಾಣಿ ಎಲ್ಲಿ ಇಡಬೇಕು, ಎಷ್ಟು ಓರೆ ಹಿಡಿಯಬೇಕು ಎಂದು ಅವನೂ ಹೇಳಲಿಲ್ಲ, ಚಂದ್ರಾಮನೂ ಹೇಳಲಿಲ್ಲ. ಮೊದಲ ಫರಸಿ ಚೂರುಚೂರಾಯಿತು. ಎರಡನೆಯ ಸಲ ಸುತ್ತಿಗೆ ಜಾರಿ ಬೆರಳಿಗೆ ಬಿತ್ತು. ಅವ್ವ "ಅಯ್ಯಯ್ಯ, ಅವನ ಕೈಯಾಗ ಯಾಕ ಕೊಟ್ಟೀರಿ!" ಎಂದು ಎದ್ದಳು. ಅಪ್ಪ ಕೈ ಅಡ್ಡ ಹಿಡಿದು ಅವಳನ್ನು ಕೂರಿಸಿದ. ಮೂರನೆಯ ಫರಸಿ ಇಡಿಯಾಗಿ ಎದ್ದಿತು. ಕಿತ್ತು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಚಂದ್ರಾಮ ಅದನ್ನು ಅರ್ಧ ತಾಸಿನಲ್ಲಿ ಮಾಡುತ್ತಿದ್ದ. ಆಮೇಲೆ ಅವನು ಒಡೆದದ್ದರ ಬದಲು ಇನ್ನೊಂದು ಫರಸಿ ತಂದು, ಒಳಗೆ ಇಳಿದು ಹಾಸಿದ. ಅಪ್ಪನ ಗುರುತಿನಿಂದ ಅಳೆದು, ದೋರಿಯ ದಾರ ಕಟ್ಟಿ, ಒಂದೊಂದು ಫರಸಿಯನ್ನೂ ಥಾಪಿಯ ಹಿಡಿಯಿಂದ ತಟ್ಟಿ ಕೂರಿಸಿದ. ಹೋಗುವಾಗ ನನ್ನ ಹತ್ತಿರ ಮಾತಾಡಲಿಲ್ಲ.

ಬುಧವಾರ ಬೆಳಿಗ್ಗೆ ಅಪ್ಪ ಮಂಚದಿಂದ ತಾನೇ ಹಲಗೆಯ ಮೇಲೆ ಇಳಿದ. ಅದನ್ನು ಯಾವಾಗ ಕಲಿತನೋ. ದಿಬ್ಬದ ಹತ್ತಿರ ಒಂದು ಗಳಿಗೆ ನಿಂತು, ಕಟ್ಟಿಗೆ ತುಂಡು ಒತ್ತಿ ಹತ್ತಿದ. ಬೇರಿಂಗು ಕಟಕಟ ಎಂದಿತು. ಆಚೆ ಇಳಿದ. ಪರದೆ ಎಳೆದುಕೊಂಡ.

ನೀರು ಬೀಳುವ ಸದ್ದು. ನಹಾಣಿಯಲ್ಲಿ ನೀರು ಇಳಿಯುವ ಗುಡುಗುಡು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಒಲೆಯ ಮುಂದೆ ಕೂತಿದ್ದಳು. ನಾನು ಪರದೆಯ ಕೆಳಗಿನ ಅಂಚು ನೋಡುತ್ತಿದ್ದೆ. ಒಂದು ಹನಿಯೂ ದಿಬ್ಬ ದಾಟಲಿಲ್ಲ. ಆರೂವರೆ ಆಯಿತು, ಆರೂಮುಕ್ಕಾಲು ಆಯಿತು.

"ಭೀಮಾ, ಒಂದೀಟು ನೋಡಿ ಬಾ," ಎಂದು ಅವ್ವ ಪಿಸುಗುಟ್ಟಿದಳು.

"ಬ್ಯಾಡ ಸುಮ್ಮಿರು," ಎಂದೆ.

ಒಳಗಿನಿಂದ ಒಂದು ಸದ್ದು ಬಂತು. ಅಪ್ಪ ಹಾಡುತ್ತಿದ್ದನೋ, ಬರಿ ನೀರಿನ ಚಳಿಗೆ ಅಂದದ್ದೋ. ನಾನು ಎತ್ತಿ ಕೂರಿಸಿದ ಯಾವ ದಿನವೂ ಆ ಸದ್ದು ಬಂದಿರಲಿಲ್ಲ. ನನ್ನ ಕೈಗಳಿಂದ ಅವನಿಗೆ ಸಿಕ್ಕದೆ ಹೋದದ್ದು ಆರು ಫರಸಿ ಕಲ್ಲಿನಿಂದ ಸಿಕ್ಕಿತ್ತು. ಆ ಕಲ್ಲುಗಳ ಮೇಲೂ ನನಗೆ ಹೊಟ್ಟೆ ಉರಿಯಿತು.

ನಲ್ಲಿ ನಿಂತ ಮೇಲೆ ಅವನು ಹೊರಗೆ ಬಂದ. ಕೂದಲಿನಿಂದ ನೀರು ಸೋರುತ್ತಿತ್ತು. ಗಾಡಿಯನ್ನು ನೇರ ನನ್ನ ಮುಂದೆ ತಂದು ನಿಲ್ಲಿಸಿದ. ತಲೆಯೆತ್ತಿ ನನ್ನನ್ನು ನೋಡಿದ. ಎಂಟು ದಿನಕ್ಕೆ ಮೊದಲ ಸಲ.

"ಚಂದ್ರಾಮ ಎಲ್ಲಿ ಅದಾನ ಇವತ್ತ?"

"ದಹಿಸರದಾಗ ಕೆಲಸ ನಡದದ ಅಂದಿದ್ದ."

"ಹೋಗು. ಅವಗ ಹೇಳು, ನನ್ನ ಕೈಲೇ ಹಾಸಿದ್ರೂ ಇಷ್ಟು ಛಲೋ ಢಾಳ ಬರ್ತಿದ್ದಿಲ್ಲ ಅಂತ."

"ಆದಿತ್ಯವಾರ ಬರ್ತಾನಲ್ಲಪ್ಪಾ, ನೀನೇ..."

"ಇವತ್ತೇ ಹೋಗು. ನೀನೇ ಹೇಳು."

ಆಫೀಸಿಗೆ ಹೋಗಲಿಲ್ಲ. ದಾದರಿನಲ್ಲಿ ಇಳಿದು ಸೇತುವೆ ಹತ್ತಿ ಆಚೆಯ ಲೋಕಲ್ ಹಿಡಿದೆ. ಎಲ್ಲರೂ ಫೋರ್ಟಿನ ಕಡೆ ಬರುವ ಹೊತ್ತು, ನಾನು ಹತ್ತಿದ ರೈಲಿನ ಡಬ್ಬಿ ಖಾಲಿ. ಕಿಟಕಿಯ ಹತ್ತಿರ ಕೂತೆ. ಅಪ್ಪನ ಮಾತು ನನ್ನ ಹತ್ತಿರ ಇತ್ತು. ದಹಿಸರ್ ಬರುವವರೆಗೆ ಅದು ನನ್ನೊಬ್ಬನ ಹತ್ತಿರವೇ ಇತ್ತು. ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡೆ, ನನಗೇ ಹೇಳಿದ ಮಾತಿನ ಹಾಗೆ. ಅದರಲ್ಲಿ ಸ್ವಲ್ಪ ಕಡಿಮೆ ಮಾಡಿ ಹೇಳಬಹುದಿತ್ತು. ನೀರು ಸರಿಯಾಗಿ ಹೋಗುತ್ತಿದೆ, ಅಪ್ಪ ಮಿಂದ, ಇಷ್ಟು ಹೇಳಿದರೂ ಸುಳ್ಳಾಗುತ್ತಿರಲಿಲ್ಲ. ಅಪ್ಪನ ಸ್ವಭಾವ ಬಲ್ಲ ಚಂದ್ರಾಮನಿಗೆ ಅನುಮಾನವೂ ಬರುತ್ತಿರಲಿಲ್ಲ. ಬೋರಿವಲಿ ದಾಟುವಾಗಲೂ ನಾನು ನಿರ್ಧಾರ ಮಾಡಿರಲಿಲ್ಲ.

ಸ್ಟೇಶನ್ನಿನಿಂದ ಅರ್ಧ ಮೈಲು ನಡೆದೆ. ಕಟ್ಟುತ್ತಿದ್ದ ಬಿಲ್ಡಿಂಗಿನ ಕೆಳಗೆ ಅವನು ಮೊಣಕಾಲೂರಿ ಜಗುಲಿಗೆ ಫರಸಿ ಕೂರಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಏನಾಯ್ತು? ಕಾಕಾಗ ಏನರ ಆಯ್ತೇನು?"

"ಏನೂ ಆಗಿಲ್ಲ. ಅಪ್ಪ ಮಿಂದ."

"ನೀರು?"

"ಹೋಯ್ತು."

ಅವನು ಮತ್ತೆ ಮೊಣಕಾಲೂರಿದ. ನಾನು ಹೋಗುತ್ತೇನೆಂದು ತಿಳಿದಿರಬೇಕು. ಅವನ ಬೆನ್ನಿಗೆ ಹೇಳಿದೆ:

"ನನ್ನ ಕೈಲೇ ಹಾಸಿದ್ರೂ ಇಷ್ಟು ಛಲೋ ಢಾಳ ಬರ್ತಿದ್ದಿಲ್ಲ, ಹಂಗಂತ ಹೇಳು ಅಂದ."

ಥಾಪಿ ತಟ್ಟುತ್ತಿದ್ದ ಕೈ ನಿಂತಿತು. ಅವನು ತಿರುಗಲಿಲ್ಲ.

"ಯಾರು ಅಂದ್ರು?"

"ಅಪ್ಪ."

"ಕಾಕಾ ಅಂದ್ರು? ಖರೇ ಹೇಳು. ಆವತ್ತಿನ ಸಲುವಾಗಿ ನೀನೇ ಕಟ್ಟಿ ಹೇಳ್ಲತ್ತಿಲ್ಲಲ್ಲ?"

"ಖರೇ. ಅವ್ವನ ಆಣೆ."

ಅವನು ತಿರುಗಿ ಕೂತ. ಸಿಮೆಂಟಿನ ಕೈಯಿಂದಲೇ ಮೂಗು ಒರೆಸಿಕೊಂಡ. ಮೂವತ್ತು ವರ್ಷದ ಗಂಡಸು, ಪರೀಕ್ಷೆಯ ಫಲಿತಾಂಶ ಕೇಳಿದ ಹುಡುಗನ ಹಾಗೆ ಕಾಣುತ್ತಿದ್ದ.

"ಹದಿನಾಲ್ಕು ವರ್ಷ ಆಯ್ತು ಭೀಮಾ," ಎಂದ. "ಛಲೋ ಆಗ್ಯದ ಅಂತ ಒಮ್ಮಿನೂ ಅಂದಿಲ್ಲ ಅವ್ರು. ಒಮ್ಮಿನೂ. ಮನಿಗಿ ಬಂದಾಗೆಲ್ಲ ನಿನ್ನ ನೋಡಿ ಅನ್ಕೋತಿದ್ದೆ, ಇವಗ ದಿನಾ ಏನೇನು ಅಂತಾರೋ ಅಂತ."

ಮೇಲೆ ಪರಾಂಚಿಯ ಮೇಲಿದ್ದ ಯಾರೋ ಅವನನ್ನು ಕೂಗಿದರು. ಅವನು ನನ್ನ ಹತ್ತಿರ ಸರಿದ.

"ಇನ್ನೊಮ್ಮಿ ಹೇಳು," ಎಂದ. "ಅವ್ರು ಅಂದಂಗೇ ಹೇಳು."

ಮೊದಲ ಸಲಕ್ಕಿಂತ ಎರಡನೆಯ ಸಲ ಹೇಳುವುದು ಕಷ್ಟವಾಗಿತ್ತು. ಅವನ ಎದುರು ಕುಕ್ಕರುಗಾಲಲ್ಲಿ ಕೂತು, ಒಂದು ಅಕ್ಷರವನ್ನೂ ಬಿಡದೆ ಹೇಳಿದೆ.